ಶ್ರೀರಂಗಪಟ್ಟಣವನ್ನು ಹೊಳೆ ಹರಿದ ದಿಕ್ಕಿನಲ್ಲೇ ನೋಡಿ: ಒಂದು ದಿನದ ಸುತ್ತಾಟ, ಬೇಕಿದ್ದರೆ ಇನ್ನೊಂದು ದಿನ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಶ್ರೀರಂಗಪಟ್ಟಣಕ್ಕೆ ಕೊಡುವುದು ಹೆಚ್ಚೆಂದರೆ ಎರಡು ಗಂಟೆ. ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ ಮುಂದೆ ನಾಲ್ಕು ಫೋಟೋ ತೆಗೆದು, ಗುಂಬಜ್ ಸುತ್ತಿ ಮತ್ತೆ ಗಾಡಿ ಹತ್ತುತ್ತಾರೆ. ಪ್ಯಾಕೇಜ್ ಟೂರಿನ ಬಸ್ಸುಗಳದ್ದೂ ಇದೇ ಲೆಕ್ಕ. ಹೀಗೆ ನೋಡಿದರೆ ಕಟ್ಟಡ ನೋಡಿದ ಹಾಗಾಗುತ್ತದೆ ಅಷ್ಟೇ, ಊರು ನೋಡಿದ ಹಾಗಾಗುವುದಿಲ್ಲ.

ಯಾಕೆಂದರೆ ಇದು ದ್ವೀಪ. ಪಶ್ಚಿಮದ ತುದಿಯಲ್ಲಿ ಕಾವೇರಿ ಎರಡಾಗಿ ಒಡೆಯುತ್ತಾಳೆ, ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುತ್ತಾಳೆ. ನಡುವೆ ಸುಮಾರು 5 ಕಿಲೋಮೀಟರ್ ಉದ್ದದ, ಒಂದೂವರೆ ಕಿಲೋಮೀಟರ್ ಅಗಲದ ನೆಲ. ರಂಗನಾಥ ಇಲ್ಲಿ ಮಲಗಿರುವುದು, ಒಡೆಯರು ರಾಜಧಾನಿ ಮಾಡಿಕೊಂಡಿದ್ದು, ಹೈದರ್ ಮತ್ತು ಟಿಪ್ಪು ಇಲ್ಲೇ ನೆಲೆ ನಿಂತಿದ್ದು, ಕೊನೆಗೆ ಊರು ಬಿದ್ದಿದ್ದು, ಎಲ್ಲಕ್ಕೂ ಹೊಳೆಯೇ ಕಾರಣ. ಅದಕ್ಕೇ ನನ್ನ ಸಲಹೆ ಇಷ್ಟೇ: ಬೆಳಿಗ್ಗೆ ಪಶ್ಚಿಮದಲ್ಲಿ ಕೋಟೆಯಿಂದ ಶುರುಮಾಡಿ, ಹೊಳೆ ಹರಿಯುವ ದಿಕ್ಕಿನಲ್ಲೇ ಪೂರ್ವಕ್ಕೆ ಬನ್ನಿ, ಸಂಜೆಗೆ ಸಂಗಮ ಸೇರಿ. ಹೋದ ದಾರಿಯಲ್ಲೇ ಮತ್ತೆ ಮತ್ತೆ ತಿರುಗುವುದೂ ತಪ್ಪುತ್ತದೆ.

ಯಾವಾಗ ಹೋಗಬೇಕು

ಆರಾಮಾಗಿ ಓಡಾಡಬೇಕು ಅಂದರೆ ಅಕ್ಟೋಬರ್‌ನಿಂದ ಫೆಬ್ರವರಿ. ಬಿಸಿಲು ಹದವಾಗಿರುತ್ತದೆ, ಹೊಳೆಯಲ್ಲಿ ನೀರೂ ಇರುತ್ತದೆ. ರಂಗನತಿಟ್ಟಿನ ಹಕ್ಕಿಗಳಿಗಾಗಿಯೇ ಬರುವವರು ಜನವರಿಯಿಂದ ಮೇ ಒಳಗೆ ಬರಲಿ. ಗೂಡು ಕಟ್ಟಿ ಮರಿ ಮಾಡುವ ಕಾಲ ಅದು.

ಮಳೆಗಾಲದಲ್ಲಿ ಕೆಆರ್‌ಎಸ್ ತುಂಬಿ ನೀರು ಬಿಟ್ಟರೆ ಊರಿನ ಎರಡೂ ಕಡೆ ಕೆಂಪಗೆ ಭೋರ್ಗರೆಯುವ ಹೊಳೆ. ನೋಡಲು ಚೆನ್ನ, ಆದರೆ ಆಗ ರಂಗನತಿಟ್ಟಿನ ದೋಣಿ ನಿಲ್ಲುತ್ತದೆ, ಸ್ನಾನಘಟ್ಟಗಳಿಗೆ ಇಳಿಯಲು ಬಿಡುವುದಿಲ್ಲ. ಹೊರಡುವ ಹಿಂದಿನ ದಿನ ಟಿವಿಯಲ್ಲೋ ಪೇಪರಿನಲ್ಲೋ ಕೆಆರ್‌ಎಸ್ ಹೊರಹರಿವು ಎಷ್ಟಿದೆ ಅಂತ ಒಮ್ಮೆ ನೋಡಿಬಿಡಿ. ಮಂಡ್ಯದವರು ದಿನಾ ನೋಡುವುದೇ ಅದನ್ನ.

ಏಪ್ರಿಲ್, ಮೇ ತಿಂಗಳ ಬಿಸಿಲು ಯಾರಿಗೂ ಬೇಡ. ಆದರೆ ಇತಿಹಾಸದ ಹುಚ್ಚು ಇರುವವರಿಗೆ ಆ ಬಿಸಿಲಲ್ಲೂ ಒಂದು ಲಾಭ ಇದೆ. ಹೊಳೆ ಬತ್ತಿ ತಳದ ಬಂಡೆಗಳು ಕಾಣುತ್ತವೆ. 1799ರ ಮೇ 4ರಂದು ಟಿಪ್ಪುವಿನ ಕೋಟೆಗೆ ನುಗ್ಗಲು ಇಂಗ್ಲಿಷರ ಪಡೆ ನಡೆದು ದಾಟಿದ್ದು ಇಂಥದ್ದೇ ಹೊಳೆಯನ್ನು. ಅದಕ್ಕೆ ಎಂಟು ವರ್ಷ ಮುಂಚೆ, 1791ರ ಮೇ ತಿಂಗಳಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದು ಗೆದ್ದಿದ್ದ. ಆದರೆ ಮಳೆ ಹಿಡಿಯಿತು, ಹೊಳೆ ಏರಿತು, ಎತ್ತುಗಳಿಗೆ ಮೇವಿಲ್ಲ. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಹೋಗಬೇಕಾಯಿತು. ಮುಂದಿನ ಸಲ ಬಂದವರು ಮಳೆಗೆ ಮುಂಚೆಯೇ ಕೆಲಸ ಮುಗಿಸುವ ಲೆಕ್ಕ ಹಾಕಿಕೊಂಡೇ ಬಂದರು.

ಬರುವುದು ಹೇಗೆ, ಇಳಿಯುವುದು ಎಲ್ಲಿ

ಊರು ಬೆಂಗಳೂರಿನಿಂದ ಸುಮಾರು 125 ಕಿಲೋಮೀಟರ್, ಮೈಸೂರಿನಿಂದ 15. ಇಲ್ಲಿ ಒಂದು ಎಚ್ಚರಿಕೆ. 2023ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ಶ್ರೀರಂಗಪಟ್ಟಣವನ್ನು ಬೈಪಾಸ್ ಮಾಡಿ ಹೋಗುತ್ತದೆ. ಮೈಸೂರಿನ ನಾನ್‌ಸ್ಟಾಪ್ ಬಸ್ಸುಗಳು ಊರೊಳಗೆ ಬರುವುದಿಲ್ಲ. ಹತ್ತುವ ಮುಂಚೆಯೇ "ಶ್ರೀರಂಗಪಟ್ಣದ ಒಳಗೆ ಹೋಗುತ್ತಾ?" ಅಂತ ಕಂಡಕ್ಟರನ್ನು ಕೇಳಿ. ಇಲ್ಲದಿದ್ದರೆ ಮೈಸೂರಿಗೇ ಹೋಗಿ, ಅಲ್ಲಿಂದ ಸಿಟಿ ಬಸ್ಸು ಹಿಡಿದು ವಾಪಸ್ ಬರುವುದೇ ವಾಸಿ. ಬಸ್ಸುಗಳು ಬೇಕಾದಷ್ಟಿವೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದೆ, ಆಧಾರ್ ಕಾರ್ಡ್ ಜೊತೆಗಿರಲಿ.

ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ಹಾಗೆ ಬಂದರೆ ನಷ್ಟವೇನೂ ಇಲ್ಲ. ಮದ್ದೂರು, ಮಂಡ್ಯದ ಹಳೇ ದಾರಿ ಸಿಗುತ್ತದೆ, ಮದ್ದೂರಲ್ಲಿ ಬಿಸಿ ವಡೆ ಸಿಗುತ್ತದೆ, ದಾರಿಯುದ್ದಕ್ಕೂ ಎಳನೀರು, ಕಬ್ಬಿನ ಹಾಲು.

ನನ್ನ ಆಯ್ಕೆ ಮಾತ್ರ ರೈಲು. ಎಲ್ಲ ರೈಲೂ ಇಲ್ಲಿ ನಿಲ್ಲುವುದಿಲ್ಲ, ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಆದರೆ ಹಳಿ ಹೊಳೆ ದಾಟಿ ಕೋಟೆಯ ಒಳಗೇ ಹಾದು ಹೋಗುವುದರಿಂದ ನೀವು ಇಳಿಯುವುದೇ ಕೋಟೆಯ ಪಶ್ಚಿಮ ಭಾಗದಲ್ಲಿ. ನಮ್ಮ ಸುತ್ತಾಟ ಶುರುವಾಗುವುದೂ ಅಲ್ಲೇ. ಸ್ಟೇಷನ್ ಹತ್ತಿರವೇ ಟಿಪ್ಪು ಕಾಲದ ಒಂದು ಮದ್ದಿನಮನೆ (ಸಿಡಿಮದ್ದು ಇಡುವ ಕಟ್ಟಡ) ಇದೆ, ಇಟ್ಟಿಗೆ ಗಾರೆಯದು. ಬೆಂಗಳೂರು ಮೈಸೂರು ಜೋಡಿ ಹಳಿ ಹಾಕುವಾಗ ಇದು ಅಡ್ಡ ಬಂತು. ಒಡೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಜಾಕ್ ಕೊಟ್ಟು ಎತ್ತಿ ಸುಮಾರು 100 ಮೀಟರ್ ಆಚೆ ಸರಿಸಿ ಕೂರಿಸಿದರು. ನೋಡಲು ದೊಡ್ಡ ಕಟ್ಟಡವಲ್ಲ, ಬಹಳ ಜನ ಪಕ್ಕದಲ್ಲೇ ನಡೆದು ಹೋಗುತ್ತಾರೆ.

ಒಳಗೆ ಓಡಾಡಲು ಆಟೋ ಸಾಕು. ಕೋಟೆಯೊಳಗಿನದನ್ನು ನಡೆದೇ ನೋಡಿ, ಆಮೇಲೆ ದರಿಯಾ ದೌಲತ್, ಗಂಜಾಂ, ಸಂಗಮಕ್ಕೆ ಆಟೋ ಮಾಡಿ. ಎಲ್ಲೆಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಹೇಳಿಯೇ ಬಾಡಿಗೆ ಮಾತಾಡಿ. ಬರೀ "ಸೈಟ್ ಸೀಯಿಂಗ್" ಅಂದರೆ ಅವರಿಗೆ ಅನುಕೂಲವಾದ ನಾಲ್ಕು ಕಡೆ ಮಾತ್ರ ತೋರಿಸುತ್ತಾರೆ.

ಬೆಳಿಗ್ಗೆ: ರಂಗನಾಥನಿಂದ ಹೊಳೆಯ ಬಾಗಿಲಿಗೆ

ಎಂಟು ಗಂಟೆ ಹೊತ್ತಿಗೆ ದೇವಸ್ಥಾನದಲ್ಲಿರಿ. ಬಿಸಿಲು ಏರಿದ ಮೇಲೆ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯುವುದು ಕಷ್ಟ. ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಯ ಕಡೆಗೇ.

ಕಾವೇರಿಯ ದ್ವೀಪಗಳಲ್ಲಿ ಮಲಗಿರುವ ಮೂವರು ರಂಗನಾಥರಲ್ಲಿ ಇವನು ಆದಿರಂಗ. ಶಿವನಸಮುದ್ರದಲ್ಲಿರುವವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಗಂಗರ ಕಾಲದಲ್ಲಿ, 894ರಲ್ಲಿ ತಿರುಮಲಯ್ಯ ಎಂಬ ಅಧಿಕಾರಿ ಈ ಗುಡಿ ಕಟ್ಟಿಸಿದ ಎನ್ನುತ್ತಾರೆ. ಆಮೇಲೆ ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಹೋದರು. ಒಳಗೆ ಕಂಬದಿಂದ ಕಂಬಕ್ಕೆ ಕೆಲಸ ಬದಲಾಗುವುದು ಗೊತ್ತಾಗುತ್ತದೆ. ಗರ್ಭಗುಡಿಯಲ್ಲಿ ಆದಿಶೇಷನ ಮೇಲೆ ಮಲಗಿದ ರಂಗನಾಥ, ಪಾದದ ಬಳಿ ಕಾವೇರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದು ಕ್ಷಣ ಬೇಕು, ಸಾಲು ತಳ್ಳುತ್ತದೆ ಅಂತ ಗಡಿಬಿಡಿ ಮಾಡಬೇಡಿ.

ಇಲ್ಲಿನ ರಂಗನಾಯಕಿ ಅಮ್ಮನವರ ಒಡವೆಯ ಸುತ್ತ ಒಂದು ಕಥೆ ಇದೆ. ಹಳೇ ಮೈಸೂರು ಸೀಮೆಯಲ್ಲಿ ಇದನ್ನು ಕೇಳದವರು ಕಡಿಮೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಊರನ್ನು ಪಡೆದರು. ಆ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ದೇವಿಯ ಒಡವೆಗಳ ಜೊತೆ ತಲಕಾಡಿನ ಕಡೆಗೆ ಹೋದಳು. ಒಡವೆ ಕೇಳಲು ರಾಜನ ಆಳುಗಳು ಬೆನ್ನು ಹತ್ತಿದಾಗ ಹೊಳೆಗೆ ಹಾರಿದಳು. "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಅಂತ ಶಾಪ ಹಾಕಿದಳಂತೆ. ಕಥೆಯಲ್ಲಿ ಎಷ್ಟು ನಿಜವೋ ಬಿಡಿ. ತಲಕಾಡಿಗೆ ಹೋದವರು ಮರಳನ್ನು ಮಾತ್ರ ನೋಡಿಯೇ ನೋಡುತ್ತಾರೆ.

ಅದೇ 1610ರಲ್ಲಿ ಇಲ್ಲೇ ಮೈಸೂರು ಅರಸರ ದಸರಾ ಶುರುವಾಗಿದ್ದು. ಈಗಲೂ ಮೈಸೂರು ದಸರಾ ದಿನಗಳಲ್ಲಿ ಇಲ್ಲಿನದೇ ಒಂದು ದಸರಾ ನಡೆಯುತ್ತದೆ. ಹೊಳೆಯಾಚೆ ಕಿರಂಗೂರಿನ ಬನ್ನಿಮಂಟಪದಿಂದ ಆನೆ ಮೇಲೆ ಮೆರವಣಿಗೆ ಹೊರಡುತ್ತದೆ. ಮೈಸೂರಿನ ನೂಕುನುಗ್ಗಲಿಗೆ ಹೆದರುವವರು, ಪುಟ್ಟ ಮಕ್ಕಳಿರುವವರು ಇಲ್ಲಿಗೆ ಬರಬಹುದು.

ದೇವಸ್ಥಾನದ ಎದುರಿನ ದೊಡ್ಡ ಬಯಲನ್ನು ಪಾರ್ಕಿಂಗ್ ಜಾಗ ಅಂತ ನೋಡಿ ಮುಂದೆ ಹೋಗಬೇಡಿ. ಟಿಪ್ಪುವಿನ ಲಾಲ್ ಮಹಲ್ ಅರಮನೆ ಇದ್ದಿದ್ದು ಈ ಕಡೆಯೇ. ಈಗ ತಳಪಾಯದ ಕುರುಹು ಮಾತ್ರ. ಇಂಗ್ಲಿಷರು ಅದನ್ನು ಕೆಡವಿದರು. ಅದರ ತೊಲೆಗಳು ಊಟಿಗೆ ಹೋಗಿ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಛಾವಣಿ ಹೊತ್ತು ನಿಂತಿವೆ. ಟಿಪ್ಪುವಿನ ಅರಮನೆಯ ಮರ ನೋಡಬೇಕು ಅಂದರೆ ಊಟಿಗೇ ಹೋಗಬೇಕು ನೋಡಿ! ಹತ್ತಿರದಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಹುಟ್ಟಿದ ಜಾಗದ ಗುರುತಿಗೆ ಒಂದು ಮಂಟಪ ಇದೆ. ಸಮಯ ಇದ್ದರೆ ಪಕ್ಕದ ನರಸಿಂಹಸ್ವಾಮಿ ಗುಡಿಗೂ ಹೋಗಿ. ರಂಗನಾಥನ ಹತ್ತಿರ ಇರುವ ಜನಜಂಗುಳಿ ಅಲ್ಲಿಲ್ಲ, ಕಂಠೀರವ ನರಸರಾಜ ಒಡೆಯರ ಮೂರ್ತಿಯೂ ಇದೆ.

ಇಲ್ಲಿಂದ ಕೋಟೆಯ ಪಶ್ಚಿಮ ಮೂಲೆಗೆ ನಡೆಯಿರಿ. 1907ರಲ್ಲಿ ನಿಲ್ಲಿಸಿದ ಎತ್ತರದ ಕಲ್ಲಿನ ಸ್ಮಾರಕ ಕಾಣುತ್ತದೆ. ಕೋಟೆ ಒಡೆದದ್ದು ಈ ಮೂಲೆಯಲ್ಲಿ. ಗೋಡೆಯ ಮೇಲಿಂದ ಕೆಳಗೆ ನೋಡಿದರೆ ಹೊಳೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತದೆ. 1799ರ ಮೇ 4ರ ಮಧ್ಯಾಹ್ನ, ಕೋಟೆಯ ಸೈನಿಕರು ಉಂಡು ವಿರಮಿಸುವ ಹೊತ್ತು ನೋಡಿಯೇ ಆಚೆ ದಡದಿಂದ ಪಡೆ ಇಳಿಯಿತು. ಮುಂದಾಳು ಡೇವಿಡ್ ಬೇರ್ಡ್. ಇವನು ಅದಕ್ಕೂ ಮುಂಚೆ ಇದೇ ಊರಿನ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಮೇಲೆ ಕೊಳೆತವನು. ಕೆಲವೇ ನಿಮಿಷಗಳಲ್ಲಿ ಹೊಳೆ ದಾಟಿ ಒಡಕಿನ ಮೇಲೆ ಬಾವುಟ ಏರಿಸಿದರು. ಸಾಯಂಕಾಲದ ಹೊತ್ತಿಗೆ ಎಲ್ಲ ಮುಗಿದಿತ್ತು. ಗೋಡೆಯ ಅಂಚಿಗೆ ಹೋಗಬೇಡಿ, ಕಲ್ಲು ಸಡಿಲ, ತಡೆ ಬೇಲಿ ಎಲ್ಲ ಕಡೆ ಇಲ್ಲ.

ಉತ್ತರದ ಗೋಡೆ ಹಿಡಿದು ಬಂದರೆ ಕರ್ನಲ್ ಬೈಲಿ ಬಂದೀಖಾನೆ. ನೆಲಮಟ್ಟದಿಂದ ಕೆಳಗೆ, ಹೊಳೆಗೆ ಅಂಟಿದ ಹಾಗೆ ಕಮಾನಿನ ಕೋಣೆ. ಗೋಡೆಯಲ್ಲಿ ಸರಪಳಿ ಬಿಗಿಯಲು ತೂತು ಇರುವ ಕಲ್ಲುಗಳಿವೆ. 1780ರಲ್ಲಿ ತಮಿಳುನಾಡಿನ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪುವಿನ ಪಡೆಗೆ ಸೋತು ಸೆರೆ ಸಿಕ್ಕ ಇಂಗ್ಲಿಷ್ ಅಧಿಕಾರಿ ಬೈಲಿ 1782ರಲ್ಲಿ ಈ ಊರಿನಲ್ಲೇ ಸತ್ತ. ನಡುವೆ ಒಂದು ಫಿರಂಗಿ ಬಿದ್ದಿದೆ. ಮೇಲಿನ ಕೋಟೆಯಿಂದ ಛಾವಣಿ ತೂರಿಕೊಂಡು ಬಿತ್ತು ಎನ್ನುತ್ತಾರೆ. ಈ ಬೈಲಿಯನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಗಂಟೆಯಲ್ಲಿ ಮತ್ತೆ ಸಿಗುತ್ತಾನೆ.

ಅಲ್ಲಿಂದ ಮುಂದೆ ವಾಟರ್ ಗೇಟ್, ಹೊಳೆಗೆ ಇಳಿಯುವ ಹಳೇ ಬಾಗಿಲು. ಆಮೇಲೆ ಟಿಪ್ಪುವಿನ ಶವ ಸಿಕ್ಕ ಜಾಗ. ದೊಡ್ಡ ಸ್ಮಾರಕ ಹುಡುಕಬೇಡಿ, ಕಂಬಿಯೊಳಗೆ ಒಂದು ಕಲ್ಲು ಮಾತ್ರ. ಅಲ್ಲಿಂದ ಪೂರ್ವಕ್ಕೆ ಹೋದರೆ ಎರಡು ಮಿನಾರುಗಳ ಜಾಮಿಯಾ ಮಸೀದಿ. ಟಿಪ್ಪು ಕಟ್ಟಿಸಿದ್ದು, ಬೆಂಗಳೂರು ಬಾಗಿಲಿನ ಹತ್ತಿರ ಇದೆ. ಪ್ರಾರ್ಥನೆಯ ಹೊತ್ತು ತಪ್ಪಿಸಿ ಹೋಗಿ.

ಇಷ್ಟಕ್ಕೆ ಮೂರು ಗಂಟೆ ಬೇಕು. ಸಾಲದು ಅನ್ನಿಸಿದರೂ ಮುಂದಕ್ಕೆ ಹೊರಡಿ.

ಹನ್ನೊಂದರ ಹೊತ್ತಿಗೆ ದರಿಯಾ ದೌಲತ್

ಕೋಟೆ ದಾಟಿ ಪೂರ್ವಕ್ಕೆ ಒಂದು ಕಿಲೋಮೀಟರ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಟಿಕೆಟ್ ಇದೆ, ಭಾರತೀಯರಿಗೆ 25 ರೂಪಾಯಿ ಆಸುಪಾಸು, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಒಂದು ರೀತಿ ಒಳ್ಳೆಯದೇ ಆಯಿತು, ಜನ ಗೋಡೆಯನ್ನು ಕಣ್ಣಿಂದ ನೋಡುತ್ತಾರೆ.

ಹೊರಗಿಂದ ನೋಡಿದರೆ ಪರದೆ ಇಳಿಬಿಟ್ಟ ಮರದ ಕಟ್ಟಡ, ಅರಮನೆ ಅಂತ ಅನ್ನಿಸುವುದೇ ಇಲ್ಲ. ಪರದೆ ಇರುವುದು ಚಿತ್ರಗಳಿಗೆ ಬಿಸಿಲು ತಾಗದಿರಲಿ ಅಂತ. ಒಳಗೆ ಹೋದರೆ ತೇಗದ ಕಂಬ, ಕಮಾನು, ಮೇಲಿನ ಮುಚ್ಚಿಗೆ ಎಲ್ಲ ಕಡೆ ಬಣ್ಣ. ಒಂದಿಂಚು ಖಾಲಿ ಬಿಟ್ಟಿಲ್ಲ. ಆದರೆ ನೀವು ಮೊದಲು ಹೋಗಿ ನಿಲ್ಲಬೇಕಾದ್ದು ಪಶ್ಚಿಮದ ಗೋಡೆಯ ಮುಂದೆ.

ಅಲ್ಲಿರುವುದು ಪೊಲ್ಲಿಲೂರಿನ ಯುದ್ಧ. ಇಂಗ್ಲಿಷರು ಚೌಕಾಕಾರವಾಗಿ ನಿಂತು ಗುಂಡು ಹಾರಿಸುತ್ತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಒಬ್ಬ ಕೂತಿದ್ದಾನೆ, ಅವನೇ ಬೈಲಿ. ಅವರ ಮದ್ದಿನ ಬಂಡಿ ಸಿಡಿಯುತ್ತಿದೆ. ಸುತ್ತ ಮೈಸೂರಿನ ಕುದುರೆಪಡೆ ಮುತ್ತಿಕೊಂಡಿದೆ. ಒಂದು ಕಡೆ ಫ್ರೆಂಚ್ ಅಧಿಕಾರಿ ಲ್ಯಾಲಿ ದುರ್ಬೀನು ಹಿಡಿದಿದ್ದಾನೆ. ಇಷ್ಟು ಗಲಾಟೆಯ ನಡುವೆ ಹೈದರ್ ಮತ್ತು ಟಿಪ್ಪು ಏನೂ ಆಗಿಲ್ಲವೆಂಬ ಹಾಗೆ ಆನೆ, ಕುದುರೆಯ ಮೆರವಣಿಗೆಯಲ್ಲಿ ಬರುತ್ತಿದ್ದಾರೆ. ಬಂದೀಖಾನೆಯನ್ನು ಮೊದಲು ನೋಡಿ ಬನ್ನಿ ಅಂದಿದ್ದು ಇದಕ್ಕೇ. ಈ ಗೋಡೆಯಲ್ಲಿ ಪಲ್ಲಕ್ಕಿಯಲ್ಲಿರುವವನು ಕೊನೆಗೆ ಎಲ್ಲಿಗೆ ಬಂದ ಅನ್ನೋದನ್ನ ನೀವು ಆಗಲೇ ನೋಡಿಬಿಟ್ಟಿದ್ದೀರಿ. ಮಕ್ಕಳ ಜೊತೆ ಬಂದವರಿಗೆ ಇದು ತುಂಬ ಕೆಲಸಕ್ಕೆ ಬರುತ್ತದೆ. ಇಸವಿ ಹೇಳಿದರೆ ಅವು ಓಡಿಹೋಗುತ್ತವೆ, ಬೈಲಿ ಎಲ್ಲಿದ್ದಾನೆ ಹುಡುಕು ಅಂದರೆ ಅರ್ಧ ಗಂಟೆ ಗೋಡೆ ಬಿಡುವುದಿಲ್ಲ.

ಇನ್ನೊಂದು ವಿಷಯ. ಈಗ ಕಾಣುವ ಬಣ್ಣ ಪೂರ್ತಿ ಟಿಪ್ಪು ಕಾಲದ್ದಲ್ಲ. 1799ರ ನಂತರ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇದೇ ಅರಮನೆಯಲ್ಲಿ ವಾಸ ಇದ್ದ. ಅವನ ಕಾಲದಲ್ಲಿ ಒಮ್ಮೆ, ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿದ ಮೇಲೆ 1855ರಲ್ಲಿ ಇನ್ನೊಮ್ಮೆ ಚಿತ್ರಗಳಿಗೆ ಹೊಸದಾಗಿ ಬಣ್ಣ ಬಳಿದರು. ತಮ್ಮವರು ಸೋತ ಚಿತ್ರವನ್ನು ತಾವೇ ಜೋಪಾನ ಮಾಡಿದರು.

ಪೂರ್ವದ ಗೋಡೆಯಲ್ಲಿ ರಾಜರು, ಪಾಳೆಯಗಾರರು, ನವಾಬರ ದರ್ಬಾರುಗಳ ಸಾಲು ಚೌಕಟ್ಟುಗಳಿವೆ. ಒಳಗಿನ ಮ್ಯೂಸಿಯಂ ಚಿಕ್ಕದು, ಬೇಗ ಮುಗಿಯುತ್ತದೆ. ತೋಟದಲ್ಲಿ ನೆರಳಿದೆ, ಸ್ವಲ್ಪ ಕೂತು ನೀರು ಕುಡಿದು ಹೊರಡಿ.

ಊಟಕ್ಕೆ ಮುದ್ದೆ ಸಿಗುವ ಮೆಸ್ಸು ಹುಡುಕಿ. ಮಂಡ್ಯ ಜಿಲ್ಲೆಗೆ ಬಂದು ನಾರ್ತ್ ಇಂಡಿಯನ್ ತಾಲಿ ತಿನ್ನುವುದು ನಿಮ್ಮಿಷ್ಟ, ನಾನಂತೂ ಹೇಳುವುದಿಲ್ಲ. ಬಸ್ಸಾರು, ಉಪ್ಸಾರು ಸಿಕ್ಕಿದರೆ ಅದೃಷ್ಟ. ಬೈಪಾಸ್ ಆಗಿದ್ದರಿಂದ ಊರೊಳಗಿನ ಹೋಟೆಲುಗಳಿಗೆ ವ್ಯಾಪಾರ ಕಡಿಮೆಯಾಗಿದೆ, ಮೊದಲಿನ ಹಾಗೆ ಸಾಲಾಗಿ ಕಾರು ನಿಲ್ಲುವುದಿಲ್ಲ. ಅಲ್ಲೇ ತಿಂದರೆ ಅವರಿಗೂ ಒಳ್ಳೆಯದು.

ಮಧ್ಯಾಹ್ನದ ಮೇಲೆ ಗಂಜಾಂ

ದ್ವೀಪದ ಪೂರ್ವದ ಅರ್ಧ ಗಂಜಾಂ. ಟಿಪ್ಪು ಶಿರಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಯೂರಿಸಿದ. ಗಂಜಾಂ ಅಂಜೂರಕ್ಕೆ ಹೆಸರು, ಕಾಲ ಕೂಡಿ ಬಂದರೆ ರಸ್ತೆ ಬದಿಯಲ್ಲೇ ಸಿಗುತ್ತದೆ.

ದಾರಿಯಲ್ಲಿ ಅಬ್ಬೆ ದುಬಾಯ್ ಚರ್ಚ್ ಸಿಗುತ್ತದೆ. ಕಟ್ಟಡ ಸರಳ, ಐದು ನಿಮಿಷ ಸಾಕು. ಆದರೆ ಈ ಫ್ರೆಂಚ್ ಪಾದ್ರಿ ಮಾಡಿದ ಕೆಲಸ ಸಣ್ಣದಲ್ಲ. ಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದು, 1800ರ ದಶಕದ ಮೊದಲ ವರ್ಷಗಳಲ್ಲೇ ಮೈಸೂರು ಸೀಮೆಯ ಸಾವಿರಾರು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದ.

ಮುಂದೆ ಗುಂಬಜ್. ಮೂರು ಗೋರಿಗಳು: ಹೈದರ್ ಅಲಿ, ಟಿಪ್ಪುವಿನ ತಾಯಿ ಫಕ್ರುನ್ನೀಸಾ, ಮತ್ತೆ ಟಿಪ್ಪು. ಅಪ್ಪ ತೀರಿಕೊಂಡ ಮೇಲೆ ಮಗ ಕಟ್ಟಿಸಿದ್ದು, ಕೊನೆಗೆ ತಾನೂ ಅಲ್ಲಿಗೇ ಬಂದ. ಸುತ್ತ ನುಣುಪಾದ ಕಪ್ಪು ಕಲ್ಲಿನ ಕಂಬಗಳು, ಒಳಗೋಡೆಗೆ ಹುಲಿಪಟ್ಟೆಯ ಬಣ್ಣ. ಕರಿಮರದ ಮೇಲೆ ದಂತದ ಕುಸುರಿ ಇರುವ ಬಾಗಿಲುಗಳನ್ನು ಕೊಟ್ಟವನು ಮತ್ತೆ ಆ ಡಾಲ್‌ಹೌಸಿಯೇ. ಚಪ್ಪಲಿ ಹೊರಗೆ ಬಿಡಿ, ಒಳಗೆ ಮಾತು ಕಡಿಮೆ ಇರಲಿ. ಜನ ಇಲ್ಲಿಗೆ ಹರಕೆ ಹೊತ್ತು ಬರುತ್ತಾರೆ, ಎಲ್ಲ ಮತದವರೂ.

ನಿಮಿಷಾಂಬ ದೇವಸ್ಥಾನವೂ ಗಂಜಾಂನಲ್ಲೇ, ಹೊಳೆಯ ದಡದ ಮೇಲೆ. ಬೇಡಿಕೊಂಡದ್ದನ್ನು ನಿಮಿಷದಲ್ಲಿ ಈಡೇರಿಸುತ್ತಾಳೆ ಎಂಬ ನಂಬಿಕೆ. ಶುಕ್ರವಾರ, ಭಾನುವಾರ, ಹುಣ್ಣಿಮೆ ದಿನ ಸಾಲು ಮೆಟ್ಟಿಲು ದಾಟಿ ಬರುತ್ತದೆ. ದರ್ಶನ ಮುಖ್ಯವಾದವರು ವಾರದ ಬೇರೆ ದಿನ ಬರುವುದು ಒಳ್ಳೆಯದು. ಕೋತಿಗಳಿವೆ. ಪ್ರಸಾದದ ಚೀಲ ಕೈಯಲ್ಲಿ ತೂಗಾಡಿಸಿಕೊಂಡು ನಡೆಯಬೇಡಿ.

ಸಂಜೆ: ಸಂಗಮ ಅಥವಾ ಕರಿಘಟ್ಟ

ಗುಂಬಜ್ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಮುಗಿಯುತ್ತದೆ, ದ್ವೀಪವೂ ಮುಗಿಯುತ್ತದೆ. ಬೆಳಿಗ್ಗೆ ಪಶ್ಚಿಮದಲ್ಲಿ ಬೇರೆಯಾದ ಎರಡು ಕವಲು ಇಲ್ಲಿ ಸೇರುತ್ತವೆ. ಮೂರು ನದಿಗಳ ಸಂಗಮ ಅಂತ ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಹೇಮಾವತಿ, ಕಬಿನಿ ಹೆಸರೂ ಬರುತ್ತವೆ. ಭಕ್ತಿಯ ಮಾತು ಅದು. ನಕ್ಷೆಯಲ್ಲಿ ನೋಡಿದರೆ ಹೇಮಾವತಿ ಕೆಆರ್‌ಎಸ್ ಹಿನ್ನೀರಿಗೆ ಸೇರುತ್ತದೆ, ಕಬಿನಿ ಇಲ್ಲಿಂದ ಕೆಳಗೆ ತಿರುಮಕೂಡಲು ನರಸೀಪುರದಲ್ಲಿ.

ನೀರು ಕಡಿಮೆ ಇದ್ದಾಗ ಇಲ್ಲಿ ತೆಪ್ಪ ಸಿಗುತ್ತದೆ. ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ, ಎಷ್ಟೇ ಕಮ್ಮಿ ದುಡ್ಡು ಹೇಳಲಿ. ಮೆಟ್ಟಿಲ ಮೇಲೆ ಕೂತು ಕಾಲು ಒದ್ದೆ ಮಾಡಿಕೊಳ್ಳುವುದಕ್ಕೆ ತೊಂದರೆ ಇಲ್ಲ. ಆದರೆ ಈಜು ಬರುತ್ತದೆ ಅಂತ ಒಳಗೆ ಹೋಗಬೇಡಿ. ಮೇಲೆ ಸಪ್ಪಗೆ ಕಾಣುವ ನೀರಿನ ಕೆಳಗೆ ಬಂಡೆ, ಗುಂಡಿ, ಸುಳಿ ಇವೆ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಮಟ್ಟ ಸುಮ್ನೆ ಏರಿಬಿಡುತ್ತದೆ. ಇದೇ ಹೊಳೆಯ ಬಲಮುರಿ, ಎಡಮುರಿಯಲ್ಲೂ ಹೀಗೆಯೇ. ಪ್ರತಿ ವರ್ಷ ಅಲ್ಲಿ ಮುಳುಗುವವರಲ್ಲಿ ಜಾಸ್ತಿ ಹೊರಗಿನಿಂದ ಬಂದ ಹುಡುಗರೇ. ಸ್ಥಳೀಯರು ಬೇಡ ಅಂದರೆ ಬೇಡ.

ಇನ್ನೊಂದು ಮಾತು. ಸಂಗಮಕ್ಕೂ, ಪಶ್ಚಿಮದ ಕಡೆ ಇರುವ ಪಶ್ಚಿಮವಾಹಿನಿಗೂ ಜನ ಅಸ್ಥಿ ಬಿಡಲು ಬರುತ್ತಾರೆ. ಹೊಳೆ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗಿ ಹರಿಯುವ ಪಶ್ಚಿಮವಾಹಿನಿಯಲ್ಲಿ 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಬಿಟ್ಟಿದ್ದರು. ನಿಮಗೆ ಪ್ರವಾಸ, ಪಕ್ಕದಲ್ಲಿ ಕೂತವರ ಮನೆಯಲ್ಲಿ ಸಾವು. ಅವರ ಕಡೆ ಕ್ಯಾಮೆರಾ ತಿರುಗಿಸಬೇಡಿ, ಸ್ಪೀಕರಿನಲ್ಲಿ ಹಾಡು ಹಾಕಬೇಡಿ.

ಸ್ವಂತ ಗಾಡಿ ಇದ್ದವರಿಗೆ ಸಂಗಮದ ಬದಲು ಕರಿಘಟ್ಟವೂ ಆಗಬಹುದು. ಬೇಗ ಕತ್ತಲಾಗುವ ತಿಂಗಳುಗಳಲ್ಲಿ ಎರಡೂ ಒಂದೇ ಸಂಜೆಗೆ ಹಿಡಿಸುವುದಿಲ್ಲ. ಉತ್ತರದ ಕವಲು ದಾಟಿ ಹೋಗಬೇಕು. ದಾಟುವಾಗ 1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನು ನೋಡಲು ಮರೆಯಬೇಡಿ. ಕಮಾನುಗಳಿಲ್ಲ, ಕಲ್ಲಿನ ಕಂಬ ನೆಟ್ಟು ಮೇಲೆ ಕಲ್ಲು ಹಾಸಿದ್ದಾರೆ. ಎಷ್ಟೋ ಪ್ರವಾಹ ಕಂಡಿದೆ. ಕರಿಘಟ್ಟಕ್ಕೆ ಸುಮಾರು 450 ಮೆಟ್ಟಿಲು, ವಾಹನದ ದಾರಿಯೂ ಇದೆ. ಮೇಲೆ ಕರಿಕಲ್ಲಿನ ಶ್ರೀನಿವಾಸ. ಕೆಳಗೆ ಲೋಕಪಾವನಿ ಕಾವೇರಿಗೆ ಸೇರುತ್ತದೆ, ಗದ್ದೆಗಳ ಆಚೆ ಇಡೀ ದ್ವೀಪ ಕಾಣುತ್ತದೆ. ಬೆಳಿಗ್ಗೆಯಿಂದ ಸುತ್ತಿದ್ದನ್ನೆಲ್ಲ ಒಮ್ಮೆಗೇ ನೋಡಲು ಇಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಕತ್ತಲಾಗುವ ಮುಂಚೆ ಇಳಿದುಬಿಡಿ.

ಎರಡನೇ ದಿನ ಇದ್ದರೆ

ರಾತ್ರಿ ಉಳಿಯಲು ಹೊಳೆ ದಡದಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್ ಇದೆ. ರಜಾ ದಿನಗಳಲ್ಲಿ ಮುಂಚೆಯೇ ಬುಕ್ ಮಾಡಬೇಕು. ಇಲ್ಲದಿದ್ದರೆ ಮೈಸೂರು ಹತ್ತಿರವೇ ಇದೆ.

ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ರಂಗನತಿಟ್ಟಿಗೆ ಹೋಗಿ, ಊರಿನಿಂದ ಸುಮಾರು 4 ಕಿಲೋಮೀಟರ್. 17ನೇ ಶತಮಾನದ ನಡುವೆ ಕಂಠೀರವ ನರಸರಾಜ ಒಡೆಯರು ಹೊಳೆಗೆ ಕಟ್ಟೆ ಕಟ್ಟಿಸಿದ್ದರಿಂದ ಇಲ್ಲಿನ ತಿಟ್ಟುಗಳು ಉಂಟಾದವು. ಹಕ್ಕಿಗಳು ಬಂದು ನೆಲೆಸಿದವು. ಪಕ್ಷಿ ತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು, ಕರ್ನಾಟಕದಲ್ಲಿ ಇದೇ ಮೊದಲನೆಯದು. ಪ್ರವೇಶದ ಟಿಕೆಟ್ ಬೇರೆ, ದೋಣಿ ಟಿಕೆಟ್ ಬೇರೆ. ದೋಣಿ ಹತ್ತದೆ ಬಂದರೆ ರಂಗನತಿಟ್ಟು ನೋಡಿದ ಹಾಗಲ್ಲ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕು, ಹೆಜ್ಜಾರ್ಲೆಗಳು ಕೈಗೆಟುಕುವಷ್ಟು ಹತ್ತಿರ ಇರುತ್ತವೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳೂ ಇರುತ್ತವೆ, ಕೈ ನೀರಿಗೆ ಬಿಡಬೇಡಿ. ದೋಣಿ ನಡೆಸುವವರಿಗೆ ಹಕ್ಕಿಗಳ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗೊತ್ತು, ಕೇಳಿ.

ಆಮೇಲೆ ಎರಡು ದಾರಿ. ಎಲ್ಲರೂ ಹಿಡಿಯುವುದು ಕೆಆರ್‌ಎಸ್ ದಾರಿ. ವಿಶ್ವೇಶ್ವರಯ್ಯನವರ ಹೆಸರಿನ ಜೊತೆ ಬೆಸೆದ ಅಣೆಕಟ್ಟು, 124.80 ಅಡಿ ತುಂಬಿದರೆ ಭರ್ತಿ. ಬೃಂದಾವನದ ದೀಪ, ಕಾರಂಜಿ ನೋಡಲು ಸಂಜೆಯೇ ಹೋಗಬೇಕು. ಗೇಟಿನಿಂದ ಸಂಗೀತ ಕಾರಂಜಿಯವರೆಗೆ ನಡಿಗೆ ಜಾಸ್ತಿ, ವಯಸ್ಸಾದವರಿದ್ದರೆ ಯೋಚಿಸಿ. ಭಾನುವಾರದ ಸಂಜೆ ಅಲ್ಲಿಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸ್ವಂತ ಗಾಡಿ ಇದ್ದವರು ಹಿನ್ನೀರಿನ ಆಚೆ ಹೊಸ ಕನ್ನಂಬಾಡಿಗೆ ಹೋಗಬಹುದು. ಅಣೆಕಟ್ಟಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ.

ನನಗೆ ಹೆಚ್ಚು ಇಷ್ಟ ಎರಡನೆಯ ದಾರಿ, ಪಾಂಡವಪುರದ ಮೇಲೆ ಮೇಲುಕೋಟೆಗೆ. ದಾರಿಯಲ್ಲಿ ಕುಂತಿಬೆಟ್ಟ, ಆಮೇಲೆ ತೊಣ್ಣೂರು ಕೆರೆ, ನೀರು ಅಷ್ಟು ತಿಳಿ. ಮೇಲುಕೋಟೆ ರಾಮಾನುಜಾಚಾರ್ಯರು ನೆಲೆಸಿದ್ದ ಊರು. ಅಲ್ಲಿ ಚೆಲುವನಾರಾಯಣ, ಬೆಟ್ಟದ ಮೇಲೆ ಯೋಗಾನರಸಿಂಹ, ಕೆಳಗೆ ಕಲ್ಯಾಣಿ. ಮಾರ್ಚ್ ಏಪ್ರಿಲ್ ಸುಮಾರಿಗೆ ವೈರಮುಡಿ ಎಂಬ ಕಿರೀಟದ ಉತ್ಸವ. ಚೆಲುವನಾರಾಯಣನಿಗೆ ರಾಜಮುಡಿ ಎಂಬ ಇನ್ನೊಂದು ಕಿರೀಟವೂ ಇದೆ. ಕೊಟ್ಟವರು 1610ರಲ್ಲಿ ಶ್ರೀರಂಗಪಟ್ಟಣ ಪಡೆದ ಅದೇ ರಾಜ ಒಡೆಯರು. ಪುಳಿಯೋಗರೆ ತಿನ್ನದೆ ಯಾರೂ ವಾಪಸ್ ಬರುವುದಿಲ್ಲ, ಅದನ್ನು ನಾನು ಹೇಳಬೇಕಾಗಿಲ್ಲ.

ಮೇಲುಕೋಟೆಯಿಂದ ಬೆಂಗಳೂರಿಗೆ ಹೋಗುವವರು ಶ್ರೀರಂಗಪಟ್ಟಣಕ್ಕೆ ಮತ್ತೆ ಬರಬೇಕಾಗಿಲ್ಲ. ಮಂಡ್ಯಕ್ಕೆ ಬಸ್ಸಿದೆ, ಅಲ್ಲಿಂದ ಬಸ್ಸೋ ರೈಲೋ ಹಿಡಿಯಬಹುದು. ಹಳ್ಳಿ ಕಡೆಯ ಬಸ್ಸುಗಳು ಕತ್ತಲಾದ ಮೇಲೆ ಕಡಿಮೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬೆಟ್ಟ ಹತ್ತುವ ಮುಂಚೆಯೇ ಸ್ಟ್ಯಾಂಡಿನಲ್ಲಿ ವಿಚಾರಿಸಿಟ್ಟುಕೊಳ್ಳಿ.